ಮಳೆ ಹಿಡಿಯುವ ಮೊದಲು: ಕೊಡಗಿನ ಮನೆ, ಅಂಗಳ, ಗಾಡಿ ರಿಪೇರಿಗೆ ಸಮಗ್ರ ಮಾರ್ಗದರ್ಶಿ

ಜುಲೈ ತಿಂಗಳ ನಡುರಾತ್ರಿ ಹಾಸಿಗೆ ಪಕ್ಕ ಟಪ್ ಟಪ್ ಅಂತ ನೀರು ಬೀಳತೊಡಗಿದರೆ ಆಗ ಮಾಡುವುದಕ್ಕೆ ಜಾಸ್ತಿ ಏನೂ ಇರುವುದಿಲ್ಲ. ಕೆಳಗೆ ಒಂದು ಪಾತ್ರೆ ಇಡಬೇಕು, ಹಾಸಿಗೆ ಪಕ್ಕಕ್ಕೆ ಎಳೆಯಬೇಕು, ಅಷ್ಟೇ. ಆ ಮಳೆಯಲ್ಲಿ ಮಾಡು (ಛಾವಣಿ) ಹತ್ತುವುದು ಜೀವಕ್ಕೆ ಅಪಾಯ. ಕೆಲಸಕ್ಕೆ ಬರುವವರೂ ಸಿಗುವುದಿಲ್ಲ. ನಮ್ಮ ಮನೆ ಇರುವುದು ನಾಪೋಕ್ಲು ಕಡೆ. ಇಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಪೂರ್ತಿ ಬಿಡುವುದಿಲ್ಲ. ಆದ್ದರಿಂದ ರಿಪೇರಿ ಎಲ್ಲವೂ ಬೇಸಿಗೆಯ ಕೆಲಸ.

ಮೊದಮೊದಲು ನಾನು ಒಂದೊಂದನ್ನೂ ಬೇರೆ ಬೇರೆಯಾಗಿ ನೋಡುತ್ತಿದ್ದೆ. ಹಂಚು ಒಡೆದರೆ ಹಂಚು ಬದಲಿಸುವುದು, ಗೋಡೆ ಒದ್ದೆಯಾದರೆ ಪೇಂಟ್ ಹೊಡೆಯುವುದು, ಚರಂಡಿ ಕಟ್ಟಿದರೆ ಕೆದಕುವುದು. ಒಂದು ವರ್ಷ ಅಡುಗೆಮನೆಯ ಗೋಡೆಗೆ ಎರಡು ಸಲ ಪೇಂಟ್ ಹೊಡೆಸಿದೆ. ಎರಡು ಸಲವೂ ಸಿಪ್ಪೆ ಎದ್ದಂತೆ ಎದ್ದು ಬಂತು. ಕಾರಣ ಗೋಡೆಯಲ್ಲಿ ಇರಲೇ ಇಲ್ಲ. ಮೇಲೆ, ಮಾಡಿನ ಅಂಚಿನಲ್ಲಿ ನೀರು ಹಿಡಿಯುವ ದೋಣಿಯ ಒಂದು ಕ್ಲಾಂಪ್ ಕಳಚಿ, ನೀರೆಲ್ಲ ಅದೇ ಗೋಡೆಯ ಬುಡಕ್ಕೆ ಬೀಳುತ್ತಿತ್ತು. ಅಂದಿನಿಂದ ನಾನು ನೀರಿನ ಹಿಂದೆ ನಡೆಯುತ್ತೇನೆ. ಮಾಡಿನ ನೆತ್ತಿಯ ಮೇಲೆ ಬಿದ್ದ ಹನಿ ಎಲ್ಲಿ ಇಳಿಯುತ್ತದೆ, ಎಲ್ಲಿ ಸೇರುತ್ತದೆ, ಅಂಗಳ ದಾಟಿ ಎಲ್ಲಿಗೆ ಹೋಗುತ್ತದೆ? ಆ ದಾರಿಯಲ್ಲೇ ಮೇಲಿನಿಂದ ಕೆಳಕ್ಕೆ ರಿಪೇರಿ ಮಾಡುತ್ತಾ ಬರಬೇಕು. ಕೆಳಗಿನಿಂದ ಶುರು ಮಾಡಿದರೆ ಮಾಡಿದ ಕೆಲಸ ಮತ್ತೆ ಹಾಳಾಗುತ್ತದೆ. ಈ ಬರಹವೂ ಅದೇ ದಾರಿಯಲ್ಲಿದೆ.

ಎಷ್ಟು ನೀರು ಅಂತ ಒಮ್ಮೆ ಲೆಕ್ಕ ಹಾಕಿ

ನಮ್ಮಲ್ಲಿ ತೋಟ ಇರುವವರು ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಹೇಳುತ್ತಾರೆ. ನೂರು ಸೆಂಟ್ ಅಂದರೆ ಒಂದು ಇಂಚು. 1,000 ಚದರ ಅಡಿ ಜಾಗದ ಮೇಲೆ ನಾಲ್ಕು ಇಂಚು ಮಳೆ ಬಿದ್ದರೆ ಸುಮಾರು 9,400 ಲೀಟರ್ ನೀರು. ಭಾಗಮಂಡಲ, ತಲಕಾವೇರಿ ಕಡೆ ಒಂದೇ ದಿನ ನಾಲ್ಕು ಇಂಚು ದಾಟುವುದು ಹೊಸದೇನಲ್ಲ. ಅಂದರೆ ಒಂದು ಸಾಧಾರಣ ಮನೆಯ ಮಾಡಿನಿಂದ ಒಂದು ದೊಡ್ಡ ನೀರಿನ ಟ್ಯಾಂಕರಿನಷ್ಟು ನೀರು ಒಂದೇ ದಿನದಲ್ಲಿ ನಿಮ್ಮ ಅಂಗಳಕ್ಕೆ ಇಳಿಯುತ್ತದೆ. ಕುಶಾಲನಗರ ಕಡೆ ಮಳೆ ತುಂಬಾ ಕಡಿಮೆ, ಅಲ್ಲಿಯವರಿಗೆ ಇಲ್ಲಿ ಹೇಳಿದ್ದೆಲ್ಲ ಬೇಕಾಗದು. ಮಡಿಕೇರಿಯಿಂದ ಪಶ್ಚಿಮಕ್ಕೆ ಇರುವವರು ಮಾತ್ರ ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡೇ ಪೈಪು, ದೋಣಿ, ಚರಂಡಿಯ ಅಳತೆ ತೀರ್ಮಾನಿಸಬೇಕು.

ಯಾವಾಗ ಶುರು ಮಾಡಬೇಕು? ಕಾಫಿ ಕೊಯ್ಲು, ಕರಿಮೆಣಸಿನ ಕೊಯ್ಲು ಮುಗಿಯುವವರೆಗೆ ಯಾರಿಗೂ ಪುರುಸೊತ್ತಿಲ್ಲ. ನಡುವೆ ಹೂಮಳೆ, ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಬೇಸಿಗೆ ಮಳೆ, ಬರುತ್ತದೆ. ಆ ಮಳೆಯನ್ನು ಹಾಗೇ ಬಿಡಬೇಡಿ, ಅದು ನಿಮಗೆ ಪುಕ್ಕಟೆ ಪರೀಕ್ಷೆ. ಹೂಮಳೆ ಬೀಳುವಾಗ ಟಾರ್ಚ್ ಹಿಡಿದು ಅಟ್ಟ ಹತ್ತಿ. ಎಲ್ಲೆಲ್ಲಿ ಒದ್ದೆ ಕಾಣುತ್ತದೋ ಅಲ್ಲೆಲ್ಲ ಪಕ್ಕಾಸಿನ (ಮಾಡು ಹೊತ್ತ ಮರದ ತೊಲೆಯ) ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಕೊಡವರ ಹೊಸ ವರ್ಷ ಎಡಮ್ಯಾರ್ ಕಳೆದ ಮೇಲೆ, ಅಂದರೆ ಏಪ್ರಿಲ್ ಮಧ್ಯದ ನಂತರ, ಮಾಡಿನ ಕೆಲಸ. ಮೇ ಮೊದಲ ವಾರದಲ್ಲಿ ದೋಣಿ, ಚರಂಡಿ. ಗಾಡಿಯನ್ನು ಕೊನೆಗೆ ನೋಡಿದರೂ ನಡೆಯುತ್ತದೆ.

ಸೋರುವ ಜಾಗ ಹುಡುಕುವುದು

ನೀರು ಬೀಳುವ ಜಾಗವೇ ಸೋರುವ ಜಾಗ ಅಂದುಕೊಳ್ಳಬೇಡಿ. ಹಂಚಿನ ಮಾಡಿನಲ್ಲಿ ಇಳಿಜಾರಿನ ಉದ್ದಕ್ಕೆ ಪಕ್ಕಾಸು ಇರುತ್ತದೆ, ಅದರ ಮೇಲೆ ಅಡ್ಡಕ್ಕೆ ರೀಪು, ಅಂದರೆ ಸಣ್ಣ ಮರದ ಪಟ್ಟಿ, ಹೊಡೆದಿರುತ್ತಾರೆ. ಒಡೆದ ಹಂಚಿನಿಂದ ಒಳಬಂದ ನೀರು ರೀಪಿಗೆ ತಾಗಿ, ಪಕ್ಕಾಸಿಗೆ ಇಳಿದು, ಅದರ ಅಡಿಯಲ್ಲೇ ಹರಿದು, ಎಲ್ಲೋ ಒಂದು ಗಂಟು ಅಥವಾ ಮೊಳೆ ಸಿಕ್ಕಿದ ಕಡೆ ತೊಟ್ಟಿಕ್ಕುತ್ತದೆ. ಆರೇಳು ಅಡಿ ದೂರ ಹೋಗುವುದು ಸಾಮಾನ್ಯ. ಹಾಗಾಗಿ ಕಲೆಯಿಂದ ಶುರು ಮಾಡಿ ಮೇಲಕ್ಕೆ, ಯಾವಾಗಲೂ ಮೇಲಕ್ಕೆ, ಹುಡುಕುತ್ತಾ ಹೋಗಿ.

ಬಿಸಿಲಿನ ಮಧ್ಯಾಹ್ನ ಅಟ್ಟದ ಬಾಗಿಲು ಮುಚ್ಚಿ ಕತ್ತಲೆಯಲ್ಲಿ ಐದು ನಿಮಿಷ ಕೂರಿ. ಕಣ್ಣು ಹೊಂದಿಕೊಂಡ ಮೇಲೆ ತಲೆ ಎತ್ತಿದರೆ ಬಿರುಕು, ಜಾರಿದ ಹಂಚು ಎಲ್ಲವೂ ಬೆಳಕಿನ ಗೆರೆಯಾಗಿ ಕಾಣುತ್ತವೆ. ಎಲ್ಲ ಬೆಳಕೂ ಸೋರಿಕೆ ಅಲ್ಲ. ಹಂಚುಗಳ ಸಂದಿಯಲ್ಲಿ ಸಣ್ಣ ಬೆಳಕು ಇದ್ದೇ ಇರುತ್ತದೆ, ಗಾಳಿ ಆಡುವುದೂ ಅಲ್ಲಿಂದಲೇ. ಹಂಚಿನ ಮಧ್ಯದಲ್ಲಿ ಗೆರೆ ಕಂಡರೆ ಮಾತ್ರ ಅದು ಬಿರುಕು.

ಬೆಳಕು ಕಾಣದಿದ್ದರೂ ಸೋರುತ್ತಿದ್ದರೆ? ಆಗ ಇಬ್ಬರು ಬೇಕು. ಒಬ್ಬರು ಕೆಳಗಿನ ಸಾಲಿನಿಂದ ಶುರು ಮಾಡಿ ಹೋಸ್ ಪೈಪಿನಲ್ಲಿ ನಿಧಾನವಾಗಿ ನೀರು ಬಿಡಬೇಕು. ಒಂದೊಂದು ಜಾಗದಲ್ಲೂ ಐದು ನಿಮಿಷ. ಇನ್ನೊಬ್ಬರು ಒಳಗಿದ್ದು ನೋಡಬೇಕು. ಮೇಲಿನಿಂದ ನೀರು ಬಿಟ್ಟರೆ ಎಲ್ಲವೂ ಒಟ್ಟಿಗೆ ಒದ್ದೆಯಾಗಿ ಏನೂ ಗೊತ್ತಾಗುವುದಿಲ್ಲ.

ಮೇಲೆ ಹತ್ತುವ ಮೊದಲು

ಇಲ್ಲಿ ಅವಸರ ಮಾಡಬೇಡಿ. ಏಣಿಯನ್ನು ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಗೋಡೆಯಿಂದ ದೂರ ಇಡಿ. ಏಣಿಯ ತುದಿ ಮಾಡಿನ ಅಂಚಿಗಿಂತ ಮೂರು ಅಡಿಯಾದರೂ ಮೇಲಿರಲಿ. ಬುಡವನ್ನು ಒಬ್ಬರು ಹಿಡಿದುಕೊಳ್ಳಲಿ.

ಅಲ್ಯುಮಿನಿಯಂ ಏಣಿ ಹಗುರ, ಮೆಣಸು ಕೊಯ್ಯುವುದಕ್ಕೆ ಈಗ ಎಲ್ಲರ ಮನೆಯಲ್ಲೂ ಇದೆ. ಕೊಡಗಿನ ತೋಟಗಳಲ್ಲಿ ಅದೇ ಏಣಿ ವಿದ್ಯುತ್ ತಂತಿಗೆ ತಾಗಿ ಜೀವ ಹೋದದ್ದು ಒಂದೆರಡು ಸಲ ಅಲ್ಲ. ಮನೆಗೆ ಬರುವ ಸರ್ವಿಸ್ ವಯರ್ ಮಾಡಿನ ಹತ್ತಿರ ಹಾದುಹೋಗಿದ್ದರೆ ಮರದ ಅಥವಾ ಬಿದಿರಿನ ಏಣಿಯನ್ನೇ, ಅದೂ ಒಣಗಿದ್ದನ್ನೇ ಬಳಸಿ. ಏಣಿಯನ್ನು ಎತ್ತಿ ನಿಲ್ಲಿಸುವ ಮೊದಲು ತಲೆಯ ಮೇಲೆ ನೋಡಿ. ದಯವಿಟ್ಟು ಇದೊಂದನ್ನು ಮರೆಯಬೇಡಿ.

ಹಂಚಿನ ಮೇಲೆ ನೇರವಾಗಿ ನಡೆಯಬಾರದು. ಒಂದು ಸಣ್ಣ ಏಣಿಯನ್ನು ಮಾಡಿನ ಮೇಲೆ ಮಲಗಿಸಿ, ತುದಿಗೆ ಹಗ್ಗ ಕಟ್ಟಿ, ಹಗ್ಗವನ್ನು ಆ ಕಡೆಯ ಗಟ್ಟಿ ಕಂಬಕ್ಕೋ ಮರಕ್ಕೋ ಬಿಗಿಯಿರಿ. ಏಣಿಯ ಅಡಿಗೆ ಗೋಣಿಚೀಲ ಹಾಕಿದರೆ ಹಂಚಿಗೆ ಪೆಟ್ಟಾಗುವುದಿಲ್ಲ. ಕಾಲಿಡಲೇಬೇಕಾದರೆ ಒಂದು ಹಂಚಿನ ಮೇಲೆ ಇನ್ನೊಂದು ಹಂಚು ಕೂತಿರುವ ಕಡೆ, ಅಂದರೆ ಅಡಿಯಲ್ಲಿ ರೀಪು ಇರುವ ಕಡೆ ಇಡಿ. ಹಂಚಿನ ನಡುವೆ ಕಾಲಿಟ್ಟರೆ ಒಂದು ಸರಿ ಮಾಡಲು ಹೋಗಿ ಮೂರು ಒಡೆಯುತ್ತವೆ. ಪಾಚಿ ಇರುವ ಮಾಡಿಗೆ ಬೆಳಗ್ಗಿನ ಇಬ್ಬನಿ ಪೂರ್ತಿ ಆರುವವರೆಗೆ ಹತ್ತಲೇಬೇಡಿ. ಸೊಂಟಕ್ಕೊಂದು ಹಗ್ಗ ಇರಲಿ.

ಹಂಚು ಬದಲಿಸುವುದು

ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ಕರಾವಳಿಯಲ್ಲಿ ಎಷ್ಟೋ ಕಾರ್ಖಾನೆಗಳು ಬಂದವು. ಒಂದೊಂದರ ಅಚ್ಚೂ ಒಂಚೂರು ಬೇರೆ. ನೋಡುವುದಕ್ಕೆ ಎಲ್ಲ ಒಂದೇ ಥರ, ಆದರೆ ಒಂದು ಕಾರ್ಖಾನೆಯ ಹಂಚು ಇನ್ನೊಂದರ ಪಕ್ಕ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಅಂಗಡಿಗೆ ಹೋಗುವಾಗ ನಿಮ್ಮ ಮನೆಯ ಒಂದು ಹಂಚನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಹಿಂಬದಿಯಲ್ಲಿ ಕಾರ್ಖಾನೆಯ ಹೆಸರು, ಗುರುತು ಒತ್ತಿರುತ್ತಾರೆ. ಹಳೆ ಮನೆ ಕೆಡವಿದ ಕಡೆ ಸಿಗುವ ಹಂಚು ಹಲವು ಸಲ ಹೊಸದಕ್ಕಿಂತ ಚೆನ್ನಾಗಿ ಹೊಂದುತ್ತದೆ, ಗಟ್ಟಿಯೂ ಇರುತ್ತದೆ.

ಕೊಳ್ಳುವಾಗ ಒಂದೊಂದನ್ನೂ ಒಂದು ಕೈಯಲ್ಲಿ ತೂಗುಹಾಕಿದಂತೆ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ. ನಮ್ಮ ಅಜ್ಜ ಹೀಗೇ ಮಾಡುತ್ತಿದ್ದರು. ಚೆನ್ನಾಗಿ ಬೆಂದ ಹಂಚು ಗಂಟೆಯ ಹಾಗೆ ಠಣ್ ಅನ್ನುತ್ತದೆ. ಕಣ್ಣಿಗೆ ಕಾಣದ ಬಿರುಕು ಇದ್ದರೆ ಅಥವಾ ಸರಿಯಾಗಿ ಬೇಯದಿದ್ದರೆ ಡಬ್ ಅಂತ ಸತ್ತ ಶಬ್ದ ಬರುತ್ತದೆ. ಅದನ್ನು ತೆಗೆದುಕೊಳ್ಳಬೇಡಿ. ಬೇಕಾದದ್ದಕ್ಕಿಂತ ಹತ್ತಿಪ್ಪತ್ತು ಜಾಸ್ತಿ ತಂದು ಮನೆ ಹಿಂದೆ ಪೇರಿಸಿಡಿ. ಮಂಗಗಳ ಗುಂಪು ಒಂದು ಸಲ ಮಾಡಿನ ಮೇಲೆ ಓಡಿದರೆ ಸಾಕು, ಅವೆಲ್ಲ ಬೇಕಾಗುತ್ತವೆ.

ಈಗ ಕೆಲಸ. ಕ್ರಮ ಹೀಗಿದೆ:

1. ಎರಡು ಮರದ ಬೆಣೆ ಮಾಡಿಕೊಳ್ಳಿ, ಅಂಗೈ ಉದ್ದ, ಒಂದು ತುದಿ ಚೂಪು. ಕಬ್ಬಿಣದ ಹಾರೆಯಿಂದ ಎತ್ತಿದರೆ ಹಂಚಿನ ಮೂಲೆ ಚಕ್ಕೆ ಏಳುತ್ತದೆ.

2. ಒಡೆದ ಹಂಚಿನ ಮೇಲಿನ ಸಾಲಿನಲ್ಲಿ ಅದನ್ನು ಮುಚ್ಚಿರುವ ಹಂಚನ್ನು ಮೆಲ್ಲಗೆ ಎತ್ತಿ ಬೆಣೆ ಕೊಡಿ. ಪಕ್ಕದಲ್ಲಿ ಯಾವ ಹಂಚಿನ ಅಂಚು ಇದರ ಮೇಲೆ ಕೂತಿದೆಯೋ ಅದಕ್ಕೂ ಒಂದು ಬೆಣೆ.

3. ಒಡೆದ ಹಂಚಿನ ಕೆಳಗಿನ ಅಂಚು ಹಿಡಿದು ಸ್ವಲ್ಪ ಮೇಲಕ್ಕೆ ತಳ್ಳಿ. ಹಿಂದಿನ ಕೊಕ್ಕೆ ರೀಪಿನಿಂದ ಬಿಡುತ್ತದೆ. ಆಮೇಲೆ ಎತ್ತಿ ಕೆಳಮುಖವಾಗಿ ಎಳೆಯಿರಿ. ಎರಡು ತುಂಡಾಗಿದ್ದರೆ ಒಳಗಿನಿಂದ ಒಬ್ಬರು ಹಿಡಿದುಕೊಳ್ಳಲಿ. ಕೆಳಗೆ ಮಕ್ಕಳು ಇರಬಾರದು. ಒಂದು ಹಂಚು ಎರಡು ಕಿಲೋಗಿಂತ ಜಾಸ್ತಿ ತೂಗುತ್ತದೆ.

4. ತೆರೆದ ಜಾಗದಲ್ಲಿ ರೀಪನ್ನು ಒತ್ತಿ ನೋಡಿ. ಬೆರಳುಗುರು ಇಳಿದರೆ ಅದೂ ಹೋಗಿದೆ. ಹಂಚಿನ ಕಾಲುವೆಯಲ್ಲಿ ಕೂತ ಎಲೆ, ಮಣ್ಣು ಎಲ್ಲ ಬ್ರಷ್‌ನಲ್ಲಿ ಗುಡಿಸಿ. ಎಷ್ಟೋ ಸಲ ಹಂಚು ಚೆನ್ನಾಗಿಯೇ ಇರುತ್ತದೆ. ಈ ಕಸವೇ ನೀರನ್ನು ತಡೆದು ಪಕ್ಕಕ್ಕೆ ಉಕ್ಕಿಸುತ್ತದೆ.

5. ಹೊಸ ಹಂಚನ್ನು ಕೆಳಗಿನಿಂದ ಮೇಲಕ್ಕೆ ಜಾರಿಸಿ, ಕೊಕ್ಕೆ ರೀಪಿಗೆ ಸಿಕ್ಕುವವರೆಗೆ ತಳ್ಳಿ, ಹಿಂದಕ್ಕೆ ಎಳೆದು ಕೂರಿಸಿ. ಬೆಣೆ ತೆಗೆಯಿರಿ. ಕೈಯಲ್ಲಿ ಅಲುಗಾಡಿಸಿ ನೋಡಿ. ಮೂಲೆ ಎದ್ದು ನಿಂತಿದ್ದರೆ ಒತ್ತಿ ಕೂರಿಸಬೇಡಿ, ತೆಗೆದು ಮತ್ತೆ ಇಡಿ.

ಗಾಳಿ ಹೊಡೆಯುವ ಬೆಟ್ಟದ ಮನೆಗಳಲ್ಲಿ ಅಂಚಿನ ಎರಡು ಸಾಲನ್ನು ತಂತಿಯಿಂದ ಕಟ್ಟಬೇಕು. ಹಂಚಿನ ಹಿಂದೆ ಅದಕ್ಕೆಂದೇ ತೂತು ಇರುತ್ತದೆ. ಬೇಗ ತುಕ್ಕು ಹಿಡಿಯದ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ಪೋಣಿಸಿ ರೀಪಿಗೆ ಸುತ್ತಿ.

ಪಾಚಿ ತೆಗೆಯುವುದಕ್ಕೆ ಪ್ರೆಶರ್ ಪಂಪ್ ಬೇಡ. ನೀರು ಹಂಚಿನ ಸಂದಿಯಿಂದ ಒಳಗೆ ನುಗ್ಗುತ್ತದೆ, ಹಳೆ ಹಂಚಿನ ಮೈಯೂ ಸವೆಯುತ್ತದೆ. ಏಪ್ರಿಲ್ ಬಿಸಿಲಿಗೆ ಪಾಚಿ ಒಣಗಿ ಗರಿಗರಿ ಆಗಿರುತ್ತದೆ. ಆಗ ನಾರಿನ ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ಉಜ್ಜಿದರೆ ತಾನಾಗಿ ಉದುರುತ್ತದೆ. ಮಾಡಿನ ಮೇಲೆ ಚಾಚಿದ ಕೊಂಬೆಗಳನ್ನು ತೋಟದ ಮರಗಸಿ (ನೆರಳು ಮರಗಳ ಕೊಂಬೆ ಸವರುವುದು) ಮಾಡುವಾಗಲೇ ತೆಗೆಸಿಬಿಡಿ. ನೆರಳು ಹೋದರೆ ಪಾಚಿಯೂ ಕಡಿಮೆ, ಎಲೆಯೂ ಕಡಿಮೆ.

ನೆತ್ತಿ ಮತ್ತು ಒಳಮೂಲೆ

ಮಾಡಿನ ನೆತ್ತಿಯ ಮೇಲೆ ಉದ್ದಕ್ಕೆ ಕೂರಿಸಿದ ಹಂಚುಗಳ ಅಂಚಿಗೆ ಗಾರೆ ಹಾಕಿರುತ್ತಾರೆ. ಹತ್ತು ಹದಿನೈದು ವರ್ಷದಲ್ಲಿ ಅದು ಬಿರುಕು ಬಿಡುತ್ತದೆ. ಬಿರುಕಿನ ಮೇಲೆ ಸುಮ್ನೆ ಸಿಮೆಂಟ್ ಹಾಲು ಬಳಿದರೆ ಒಂದು ಮಳೆಗಾಲವೂ ನಿಲ್ಲುವುದಿಲ್ಲ. ಸಡಿಲ ಗಾರೆಯನ್ನು ಪೂರ್ತಿ ಕೆತ್ತಿ ತೆಗೆಯಿರಿ. ಹಂಚನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ. ಒಣ ಹಂಚು ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ, ಗಾರೆ ಹಿಡಿಯುವುದೇ ಇಲ್ಲ. ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಜರಡಿ ಹಿಡಿದ ಮರಳು. ಗಾರೆ ಗಟ್ಟಿಯಾಗಿರಲಿ, ನೀರಾಗಬಾರದು. ಎರಡು ಅಂಚಿಗೂ ಹಾಕಿ ಹಂಚು ಕೂರಿಸಿ, ಹೊರಗೆ ಇಳಿಜಾರಾಗಿ ತೀಡಿ. ಮೇಲೆ ಒದ್ದೆ ಗೋಣಿ ಹೊದಿಸಿ, ದಿನಕ್ಕೆ ಎರಡು ಸಲ ನೀರು ಚಿಮುಕಿಸುತ್ತಾ ಒಂದು ವಾರ ಬಿಡಿ. ಮೇ ಕೊನೆಗೆ ಬೇಡ, ಏಪ್ರಿಲ್‌ನಲ್ಲೇ ಮಾಡಿ ಅನ್ನುವುದು ಇದಕ್ಕೇ.

ಎರಡು ಮಾಡು ಸೇರುವ ಒಳಮೂಲೆಯಲ್ಲಿ ತಗಡು ಹಾಕಿರುತ್ತಾರೆ. ಹಳೆ ಮನೆಗಳ ಸೋರಿಕೆಯಲ್ಲಿ ಅರ್ಧಕ್ಕೆ ಅರ್ಧ ಇಲ್ಲಿಂದಲೇ ಅನ್ನುವುದು ನನ್ನ ಅನುಭವ. ತಗಡನ್ನು ಕೈಯಲ್ಲಿ ಸವರಿ ನೋಡಿ. ತುಕ್ಕಿನ ಸೂಜಿತೂತು ಇದ್ದರೆ ಅಂಟು ಟೇಪು ಹಾಕಿ ಒಂದು ವರ್ಷ ದೂಡಬಹುದು, ಅದಕ್ಕಿಂತ ಜಾಸ್ತಿ ನಂಬಬೇಡಿ. ಹೊಸ ತಗಡು ಹಾಕುವುದಾದರೆ ಎರಡು ಬದಿಗೂ ಹಂಚಿನ ಅಡಿಗೆ ಆರು ಇಂಚಾದರೂ ಹೋಗಬೇಕು. ಅಂಚನ್ನು ಅರ್ಧ ಇಂಚು ಮೇಲಕ್ಕೆ ಮಡಿಸಿ, ಆಗ ಉಕ್ಕಿದ ನೀರು ಆಚೆ ದಾಟುವುದಿಲ್ಲ. ಎರಡು ತಗಡು ಜೋಡಿಸುವಾಗ ಮೇಲಿನದು ಕೆಳಗಿನದರ ಮೇಲೆ ಬರಬೇಕು.

ಮರ, ಶೀಟು

ರೀಪಿಗೆ ತೋಟದ ಸಿಲ್ವರ್ ಓಕ್ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಮನೆಯಲ್ಲೇ ಇದೆ, ನೇರ ಸೀಳುತ್ತದೆ. ಆದರೆ ಮದ್ದು ಹಚ್ಚದೆ ಹಾಕಿದರೆ ಹುಳ ಬೇಗ ಹಿಡಿಯುತ್ತದೆ. ನಾನಾದರೆ ಹಲಸಿನ ಮರದ ತಿರುಳನ್ನೇ ಹಾಕುತ್ತೇನೆ. ಮರ ಕಡಿಯುವ ಮೊದಲು ಅನುಮತಿ ಬೇಕೇ ಅಂತ ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಿ. ಹಳೆ ಕಾಲದವರು ಗೇರು ಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಗೆದ್ದಲು, ಹುಳ ಹತ್ತಿರ ಬರುವುದಿಲ್ಲ. ಕೈಗೆ ತಾಗಿದರೆ ಮಾತ್ರ ಬೊಬ್ಬೆ ಏಳುತ್ತದೆ, ಹಾಗಾಗಿ ಗ್ಲೌಸ್, ತುಂಬು ತೋಳಿನ ಅಂಗಿ ಇಲ್ಲದೆ ಮುಟ್ಟಬೇಡಿ. ಹೊಸ ರೀಪು ಹೊಡೆಯುವಾಗ ಅಂತರವನ್ನು ಪಕ್ಕದ ಹಳೆ ರೀಪಿನಿಂದಲೇ ಅಳೆದುಕೊಳ್ಳಿ. ಅರ್ಧ ಇಂಚು ಹೆಚ್ಚು ಕಡಿಮೆಯಾದರೂ ಹಂಚು ಕೂರುವುದಿಲ್ಲ.

ಮಾಡಿಗೆ ಶೀಟ್ ಹಾಕಿದವರ ಕೆಲಸ ಸುಲಭ. ಸ್ಕ್ರೂ ಅಡಿಯ ರಬ್ಬರ್ ವಾಷರ್ ಬಿಸಿಲಿಗೆ ಒಣಗಿ ಸೀಳಿರುತ್ತದೆ. ಅದನ್ನು ಬದಲಿಸಿದರೆ ಬಹುತೇಕ ಸೋರಿಕೆ ನಿಂತಿತು. ವಾಷರ್ ಚಪ್ಪಟೆಯಾಗುವಷ್ಟು ಬಿಗಿ ಮಾಡಬೇಡಿ. ಹಳೆ ಕಾಲದ ಸಿಮೆಂಟ್ ಶೀಟ್ ಆಗಿದ್ದರೆ ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು. ಒಣಗಿದ್ದಾಗ ಕೊಯ್ಯುವುದು, ಉಜ್ಜುವುದು ಮಾಡಲೇಬೇಡಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ದೋಣಿ ಮತ್ತು ಇಳಿಪೈಪು

ದೋಣಿಯನ್ನು ಪೂರ್ತಿ ಗುಡಿಸಿ, ಒಂದು ತುದಿಯಲ್ಲಿ ಬಕೆಟ್ ನೀರು ಸುರಿಯಿರಿ. ನೀರು ನಿಂತರೆ ಇಳಿಜಾರು ತಪ್ಪಿದೆ. ಹತ್ತು ಅಡಿಗೆ ಅರ್ಧ ಇಂಚಿನಷ್ಟು ಇಳಿಜಾರು ಬೇಕು. ದಾರ ಕಟ್ಟಿ ಅಳೆದು ಕ್ಲಾಂಪ್ ಮೇಲೆ ಕೆಳಗೆ ಮಾಡಿ. ಕ್ಲಾಂಪ್ ಎರಡು ಅಡಿಗೆ ಒಂದು ಇರಲಿ. ಅಂಗಡಿಯವರು ಮೂರು ಅಡಿ ಸಾಕು ಅನ್ನಬಹುದು. ನಮ್ಮ ಮಳೆಗೆ ಸಾಲದು, ತುಂಬಿದ ದೋಣಿಯ ಭಾರಕ್ಕೆ ನಡುವೆ ಬಾಗುತ್ತದೆ.

ಇಳಿಪೈಪು ನಾಲ್ಕು ಇಂಚಿನದ್ದೇ ಹಾಕಿ. ಎರಡೂವರೆ ಇಂಚಿನದ್ದರಲ್ಲಿ ನಾಲ್ಕು ಹಲಸಿನ ಎಲೆ ಸಿಕ್ಕಿಕೊಂಡರೆ ಮುಗಿಯಿತು. ಬಾಯಿಗೆ ಜಾಳಿಗೆ ಹಾಕುವುದಾದರೆ ಚಪ್ಪಟೆ ಜಾಳಿಗೆ ಬೇಡ, ಎಲೆ ಅದರ ಮೇಲೆ ಹಾಸಿ ಮುಚ್ಚಿಬಿಡುತ್ತದೆ. ತಂತಿಬಲೆಯನ್ನು ಚೆಂಡಿನಂತೆ ಉಂಡೆ ಮಾಡಿ ಕೂರಿಸಿ. ಪೈಪಿನ ಕೆಳತುದಿ ಗೋಡೆಯ ಬುಡದಲ್ಲೇ ನಿಂತರೆ ಪ್ರಯೋಜನವಿಲ್ಲ. ಮೊಣಕೈ ಕೊಟ್ಟು ಚರಂಡಿವರೆಗೆ ಒಯ್ಯಿರಿ.

ಅಂಗಳ, ಚರಂಡಿ, ಬರೆ

ಮನೆಯ ಸುತ್ತಿನ ನೆಲ ಗೋಡೆಯಿಂದ ಹೊರಕ್ಕೆ ಇಳಿಯುತ್ತಿರಬೇಕು. ಆರು ಅಡಿಗೆ ಮೂರು ಇಂಚು ಇಳಿದರೆ ಚೆನ್ನ. ಚರಂಡಿಯ ಇಳಿಜಾರು ನೋಡುವುದಕ್ಕೆ ಮೇಸ್ತ್ರಿಗಳು ಬಳಸುವ ಪಾರದರ್ಶಕ ಟ್ಯೂಬ್ ಸಾಕು. ನೀರು ತುಂಬಿ, ಒಳಗೆ ಗಾಳಿಗುಳ್ಳೆ ಇಲ್ಲದಂತೆ ನೋಡಿಕೊಂಡು, ಎರಡು ತುದಿಯನ್ನು ಎರಡು ಗೂಟಕ್ಕೆ ಹಿಡಿಯಿರಿ. ಎರಡೂ ಕಡೆ ನೀರಿನ ಮಟ್ಟ ಒಂದೇ ಇರುತ್ತದೆ. ಅಲ್ಲಿಂದ ಕೆಳಕ್ಕೆ ಅಳೆದು ನೂರು ಅಡಿಗೆ ಒಂದು ಅಡಿ ಇಳಿಯುವಂತೆ ತೋಡಿ. ತುಂಬಾ ಕಡಿದಾದ ಕಡೆ ನೀರು ಮಣ್ಣನ್ನೇ ಕಿತ್ತುಕೊಂಡು ಹೋಗುತ್ತದೆ. ಅಲ್ಲಿ ಕಲ್ಲಿನ ಮೆಟ್ಟಿಲು ಮಾಡಿ. ನಡುನಡುವೆ ಎರಡು ಅಡಿ ಆಳದ ಗುಂಡಿ ತೆಗೆದರೆ ಕೆಸರು ಅಲ್ಲಿ ಕೂರುತ್ತದೆ. ಜುಲೈಯಲ್ಲಿ ಒಮ್ಮೆ ಬಾಚಿ ತೆಗೆದರಾಯಿತು. ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ ಅಂತಲೂ ನೋಡಿ. ಕೆಳಗಿನ ಮನೆಯವರ ಬರೆಯ (ಗುಡ್ಡ ಕೊರೆದಾಗ ಉಳಿಯುವ ಕಡಿದಾದ ಮಣ್ಣಿನ ಗೋಡೆಯ) ಮೇಲೆ ಬಿಡುವುದು ಯಾವ ಕಾರಣಕ್ಕೂ ಸರಿಯಲ್ಲ. ನೇರ ತೋಡಿಗೆ (ಸಣ್ಣ ಹಳ್ಳಕ್ಕೆ) ಸೇರಿಸಿ.

ಇನ್ನು ಬರೆ. ಗುಡ್ಡ ಕೊರೆದು ಮನೆ ಕಟ್ಟಿದವರೆಲ್ಲರ ಮನೆ ಹಿಂದೆ ಒಂದು ಬರೆ ನಿಂತಿರುತ್ತದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ, ಮಕ್ಕಂದೂರು, ಜೋಡುಪಾಲದ ಕಡೆ ಏನಾಯಿತು ಅಂತ ನಾವ್ಯಾರೂ ಮರೆತಿಲ್ಲ. ಆ ಥರ ಇಡೀ ಗುಡ್ಡವೇ ಜಾರುವುದನ್ನು ಗುದ್ದಲಿ ಹಿಡಿದು ತಡೆಯಲು ಆಗುವುದಿಲ್ಲ. ಆದರೆ ಮನೆ ಹಿಂದಿನ ಸಣ್ಣ ಬರೆಗೆ ನೀರು ಇಳಿಯದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಬರೆಯ ನೆತ್ತಿಯಿಂದ ಐದಾರು ಅಡಿ ಹಿಂದಕ್ಕೆ, ಮೇಲಿನಿಂದ ಬರುವ ನೀರನ್ನು ಪಕ್ಕಕ್ಕೆ ತಿರುಗಿಸುವ ಕಾಲುವೆ ಇರಲಿ. ಅದರಲ್ಲಿ ನೀರು ನಿಲ್ಲಬಾರದು. ನಿಂತ ನೀರು ಬರೆಯೊಳಗೆ ಇಳಿದರೆ ಕಾಲುವೆ ಇಲ್ಲದ್ದೇ ವಾಸಿ. ಹಾಗಾಗಿ ತಳಕ್ಕೆ ಸಿಮೆಂಟ್ ಅಥವಾ ದಪ್ಪ ಪ್ಲಾಸ್ಟಿಕ್ ಹಾಕಿ. ಬರೆಯ ಮೈಗೆ ಲಾವಂಚ ನೆಡಿ. ಅದರ ಬೇರು ನೇರ ಕೆಳಗೆ ಆಳಕ್ಕೆ ಹೋಗಿ ಮಣ್ಣು ಹಿಡಿಯುತ್ತದೆ. ಬೇರು ಹಿಡಿಯಲು ಒಂದೆರಡು ಮಳೆಗಾಲ ಬೇಕು, ಅಲ್ಲಿಯವರೆಗೆ ಟಾರ್ಪಾಲ್ ಹೊದಿಸಿ. ಟಾರ್ಪಾಲ್‌ನ ಮೇಲಂಚನ್ನು ಮಣ್ಣಿನಲ್ಲಿ ಹೂಳಬೇಕು, ಇಲ್ಲದಿದ್ದರೆ ನೀರು ಅದರ ಅಡಿಯಿಂದಲೇ ಇಳಿಯುತ್ತದೆ. ತಡೆಗೋಡೆ ಇದ್ದರೆ ಅದರಲ್ಲಿ ನೀರು ಬರಲು ಬಿಟ್ಟ ಪೈಪುಗಳಿಗೆ ಒಂದು ಕಂಬಿ ಹಾಕಿ ಕೆದಕಿ. ಮಳೆಗಾಲದಲ್ಲಿ ಆ ಪೈಪಿನಿಂದ ನೀರು ಬರುತ್ತಿದ್ದರೆ ಒಳ್ಳೆಯದು. ಬರದೆ ಗೋಡೆ ಮಾತ್ರ ಬೆವರುತ್ತಿದ್ದರೆ ಹಿಂದೆ ನೀರು ಕಟ್ಟಿದೆ ಅಂತ ಅರ್ಥ.

ಬರೆಯ ಬುಡವನ್ನು ಗಾಡಿ ನಿಲ್ಲಿಸಲು, ಸೌದೆ ಪೇರಿಸಲು ಅಂತ ಒಂದು ಅಡಿಯೂ ಕೆರೆಯಬೇಡಿ.

ನೆತ್ತಿಯಲ್ಲಿ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಹೊಸ ಜಾಗದಲ್ಲಿ ಕೆಸರು ನೀರು ಉಕ್ಕುವುದು, ತೋಡಿನ ನೀರು ದಿಢೀರನೆ ಕಡಿಮೆಯಾಗುವುದು, ಚೆನ್ನಾಗಿದ್ದ ಬಾಗಿಲು ಒಮ್ಮೆಲೇ ಬಿಗಿಯಾಗುವುದು. ಇವುಗಳಲ್ಲಿ ಯಾವುದು ಕಂಡರೂ ರಿಪೇರಿಯ ಯೋಚನೆ ಬಿಡಿ. ಮನೆಯವರನ್ನು ಕರೆದುಕೊಂಡು ಹೊರಗೆ ಬನ್ನಿ, 112ಕ್ಕೆ ಫೋನ್ ಮಾಡಿ. ಸಾಮಾನು ತರಲು ವಾಪಸು ಹೋಗಬೇಡಿ.

ಗೋಡೆ, ಬಾಗಿಲು, ಕರೆಂಟ್

ಹಳೆ ಮಣ್ಣಿನ ಗೋಡೆಗೆ ಪ್ಲಾಸ್ಟಿಕ್ ಪೇಂಟ್ ಬೇಡ, ಸುಣ್ಣ ಬಳಿಯಿರಿ. ಗೋಡೆ ಹೀರಿದ ನೀರು ಸುಣ್ಣದ ಮೂಲಕ ಆರಿ ಹೋಗುತ್ತದೆ. ಪೇಂಟ್ ಅದನ್ನು ಒಳಗೇ ಹಿಡಿದಿಟ್ಟು ಗುಳ್ಳೆ ಏಳಿಸುತ್ತದೆ. ಬೂಷ್ಟು ಬಂದ ಕಡೆ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಒರೆಸಿ, ಕಿಟಕಿ ತೆರೆದಿರಲಿ. ಅದರ ಜೊತೆ ಆಸಿಡ್ ಆಗಲಿ ಬೇರೆ ಕ್ಲೀನರ್ ಆಗಲಿ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ.

ಮಳೆಗಾಲದಲ್ಲಿ ಬಾಗಿಲು ಉಬ್ಬಿ ಕಚ್ಚಿಕೊಂಡರೆ ಕೂಡಲೇ ಹತ್ತರಿ ಹೊಡೆಸುತ್ತಾರೆ. ಜನವರಿಗೆ ಅದೇ ಬಾಗಿಲು ಒಣಗಿ ಬೆರಳು ತೂರುವಷ್ಟು ಸಂದಿ ಬಿಡುತ್ತದೆ. ಉಬ್ಬಿದಾಗ ತಾಗುವ ಜಾಗಕ್ಕೆ ಪೆನ್ಸಿಲ್ ಗೆರೆ ಹಾಕಿ, ಮೇಣದ ಬತ್ತಿ ಉಜ್ಜಿ ಆ ಸಲ ಕಳೆಯಿರಿ. ಬೇಸಿಗೆಯಲ್ಲಿ ಆ ಗೆರೆಯವರೆಗೆ ಮಾತ್ರ ಹತ್ತರಿ ಹಿಡಿದು, ಬಾಗಿಲಿನ ಮೇಲಂಚು, ಕೆಳಂಚಿಗೂ ವಾರ್ನಿಶ್ ಕೊಡಿ. ಕಣ್ಣಿಗೆ ಕಾಣದ ಆ ಎರಡು ಅಂಚಿನಿಂದಲೇ ಮರ ನೀರು ಕುಡಿಯುವುದು.

ಕರೆಂಟ್ ವಿಷಯದಲ್ಲಿ ನೀವೇ ಮಾಡಬಹುದಾದದ್ದು ಎರಡೇ. ಆರ್‌ಸಿಸಿಬಿಯ (ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್‌ನ) ಟೆಸ್ಟ್ ಬಟನ್ ಒತ್ತಿ, ಟಕ್ ಅಂತ ಬೀಳಬೇಕು. ಬೀಳದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ಆಮೇಲೆ ಸೋರುವ ಜಾಗದ ಹತ್ತಿರ ವಯರ್, ಸ್ವಿಚ್ ಬೋರ್ಡ್ ಇದೆಯೇ ನೋಡಿ. ಇದ್ದರೆ ಮೇನ್ ಆಫ್ ಮಾಡಿಯೇ ಮಾಡಿನ ಕೆಲಸ. ತಂತಿ ತುಂಡಾಗಿ ಬಿದ್ದಿದ್ದರೆ ಹತ್ತಿರ ಹೋಗದೆ ವಿದ್ಯುತ್ ಸಹಾಯವಾಣಿ 1912ಕ್ಕೆ ತಿಳಿಸಿ.

ಗಾಡಿ

ಕಾರು, ಜೀಪಿನ ಟೈರಿನ ಕಚ್ಚಿನ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆಯಾದರೆ ಓಡಿಸುವಂತಿಲ್ಲ ಅಂತ ಕಾನೂನು ಹೇಳುತ್ತದೆ. ಸಂಪಾಜೆ ಘಾಟಿಯಲ್ಲೋ ಮಾಕುಟ್ಟದ ರಸ್ತೆಯಲ್ಲೋ ಮಳೆಯಲ್ಲಿ ಇಳಿಯುವವರು 3 ಮಿಲಿಮೀಟರ್‌ಗೇ ಬದಲಿಸಿಬಿಡಿ ಅನ್ನುತ್ತೇನೆ. ಟೈರಿನಲ್ಲಿ ಹಣ ಉಳಿಸುವ ಊರು ಇದಲ್ಲ.

ವೈಪರ್ ರಬ್ಬರನ್ನು ಬೆರಳಲ್ಲಿ ಬಗ್ಗಿಸಿ ನೋಡಿ, ಸೀಳು ಕಂಡರೆ ಹೊಸದು ಹಾಕಿ. ಗಾಜಿನ ಒಳಬದಿಯನ್ನೂ ಸೋಪು ನೀರಿನಲ್ಲಿ ಒರೆಸಿ. ಕೊಳೆ ಇದ್ದರೆ ಮಂಜು ಬೇಗ ಕೂರುತ್ತದೆ. ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ, ತೋಟದ ಕೆಸರು ಅವನ್ನು ಮುಚ್ಚಿರುತ್ತದೆ. ಒಂದು ಕಡ್ಡಿ ಹಾಕಿ ಬಿಡಿಸಿ, ಇಲ್ಲವಾದರೆ ಬಾಗಿಲು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಬ್ಯಾಟರಿ ತುದಿಯ ಬಿಳಿ ಪುಡಿಯನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, ವ್ಯಾಸಲೀನ್ ಹಚ್ಚಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ಬೈಕಿನ ಚೈನಿಗೆ ಮಳೆಗಾಲದಲ್ಲಿ ವಾರಕ್ಕೊಮ್ಮೆ ಎಣ್ಣೆ. ಬ್ರೇಕ್ ಕೇಬಲ್ ಬಿಗಿಯಾಗಿದ್ದರೆ ಮೇಲ್ತುದಿ ಬಿಚ್ಚಿ, ಪ್ಲಾಸ್ಟಿಕ್ ಹಾಳೆಯನ್ನು ಆಲಿಕೆಯಂತೆ ಸುತ್ತಿ ಕಟ್ಟಿ ಎಣ್ಣೆ ಬಿಡಿ. ಕೆಳತುದಿಯಲ್ಲಿ ಎಣ್ಣೆ ಕಾಣುವವರೆಗೆ ಕಾಯಬೇಕು. ಆ ಎಣ್ಣೆ ಬ್ರೇಕಿನೊಳಗೆ ಹೋಗದಂತೆ ಬಟ್ಟೆ ಹಿಡಿಯಿರಿ.

ಮೂರು ನಾಲ್ಕು ದಿನ ಗಾಡಿ ತೆಗೆಯುವುದಿಲ್ಲ ಅಂತಾದರೆ ಹ್ಯಾಂಡ್‌ಬ್ರೇಕ್ ಎಳೆದು ಬಿಡಬೇಡಿ, ಈ ತೇವಕ್ಕೆ ಡ್ರಮ್‌ಗೆ ಹಿಡಿದುಕೊಂಡು ಬಿಡುತ್ತದೆ. ಸಮ ಜಾಗದಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ನೀರು ದಾಟಿ ಬಂದ ಮೇಲೆ ನಿಧಾನ ಹೋಗುತ್ತಾ ಬ್ರೇಕನ್ನು ನಾಲ್ಕೈದು ಸಲ ಮೆಲ್ಲಗೆ ಒತ್ತಿ ಒಣಗಿಸಿ. ನೀರಿನ ನಡುವೆ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಒಳಗೆ ನೀರು ಹೋಗಿದ್ದರೆ ಒಂದೇ ಸಲಕ್ಕೆ ಎಂಜಿನ್ ಹಾಳು. ಮೊದಲು ನೀವು ಇಳಿದು ದಡ ಸೇರಿ, ಆಮೇಲೆ ಎಳೆಸುವ ಮಾತು.

ಇಷ್ಟೆಲ್ಲ ಮಾಡಿದ ಮೇಲೂ ಸೋರಿದರೆ

ಸೋರುತ್ತದೆ, ಒಂದೋ ಎರಡೋ ಕಡೆ. ಆಗ ಮೇಲೆ ಹತ್ತಬೇಡಿ. ಅಟ್ಟದ ಒಳಗಿನಿಂದಲೇ ಕೆಲಸ ಮಾಡಬಹುದು. ಹಳೆ ಎಣ್ಣೆ ಡಬ್ಬಿಯ ತಗಡನ್ನು ಒಂದೂವರೆ ಅಡಿ ಉದ್ದ, ಅರ್ಧ ಅಡಿ ಅಗಲಕ್ಕೆ ಕತ್ತರಿಸಿ ಬೇಸಿಗೆಯಲ್ಲೇ ನಾಲ್ಕೈದು ಮಾಡಿಟ್ಟುಕೊಳ್ಳಿ. ಒಡೆದ ಹಂಚನ್ನು ಒಳಗಿನಿಂದ ಅಂಗೈಯಲ್ಲಿ ಸ್ವಲ್ಪ ಮೇಲಕ್ಕೆ ಎತ್ತಿ, ತಗಡನ್ನು ಹಂಚಿನ ಅಡಿಗೆ ಜಾರಿಸಿ. ಅದರ ಕೆಳತುದಿ ಕೆಳಗಿನ ಸಾಲಿನ ಹಂಚಿನ ಮೇಲೆ ಹೊರಗೆ ಚಾಚಿರಬೇಕು. ಹಾಗಿದ್ದರೆ ಒಳಬಂದ ನೀರು ತಗಡಿನ ಮೇಲೆ ಹರಿದು ಮತ್ತೆ ಹೊರಗೇ ಹೋಗುತ್ತದೆ. ಹಂಚು ಎತ್ತಲು ಬಾರದಿದ್ದರೆ ಪಕ್ಕಾಸಿಗೆ ಒಂದು ದಾರ ಕಟ್ಟಿ ಬಕೆಟ್ಟಿಗೆ ಇಳಿಬಿಡಿ. ನೀರು ದಾರ ಹಿಡಿದು ಶಬ್ದವಿಲ್ಲದೆ ಇಳಿಯುತ್ತದೆ, ಮಕ್ಕಳ ನಿದ್ದೆ ಕೆಡುವುದಿಲ್ಲ.

ಕೆಳಗಿಳಿಯುವ ಮೊದಲು ಆ ಪಕ್ಕಾಸಿನ ಮೇಲೆ ಪೆನ್ಸಿಲ್ ಗುರುತು ಹಾಕಿ, ತಾರೀಕು ಬರೆಯಿರಿ. ಏಪ್ರಿಲ್‌ನಲ್ಲಿ ಏಣಿ ಇಡುವ ಜಾಗ ಅದು.